ಪೇಸ್‌ಮೇಕರ್ ಎಡಕ್ಕೋ ಬಲಕ್ಕೋ? ತಡೆಯಿರಿ, ಪಿಟೀಲನ್ನು ಕೇಳಿ ಹೇಳುತ್ತೇನೆ

ನನಗೆ ಪೇಸ್‌ಮೇಕರ್, ಅಂದರೆ ನಿಧಾನವಾದ ಹೃದಯವನ್ನು ವಿದ್ಯುತ್ತಿನಿಂದ ಬಡಿಸುವ ಪುಟ್ಟ ಪೆಟ್ಟಿಗೆ, ಇರುವುದು ಎದೆಯ ಬಲಗಡೆ. ಇದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. "ಅಯ್ಯೋ, ಬಲಗಡೆ ಯಾಕೆ ಮಾರಾಯ್ರೆ? ನಮ್ಮ ಮಾವನಿಗೆ ಎಡಗಡೆ ಹಾಕಿದ್ದಲ್ವಾ?" ಹೃದಯ ಇರುವುದು ಎಡಗಡೆ ತಾನೇ, ಡಾಕ್ಟ್ರಿಗೆ ತಪ್ಪಿತಾ ಅಂತ ಮೆಲ್ಲಗೆ ವಿಚಾರಿಸಿದವರೂ ಇದ್ದಾರೆ. ತಪ್ಪಿಲ್ಲ. ಕೇಳಿ, ಯೋಚಿಸಿ, ಪಿಟೀಲು ಹಿಡಿದು ನೋಡಿ ಹಾಕಿಸಿಕೊಂಡದ್ದು. ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಸಂಗೀತದವರು ಯಾರಾದರೂ ಇದೇ ಗೊಂದಲದಲ್ಲಿದ್ದರೆ ಓದಿಕೊಳ್ಳಲಿ ಅಂತ ಒಂದೇ ಸಲ ಬರೆದುಬಿಡುತ್ತೇನೆ.

ನಾನು ಉಡುಪಿಯವಳು. ಕಚೇರಿಗಳಿಗೆ ಪಕ್ಕವಾದ್ಯ, ಭರತನಾಟ್ಯದ ರಂಗಪ್ರವೇಶಗಳಿಗೆ ಹಿಮ್ಮೇಳ, ಮನೆಯಲ್ಲಿ ಸಂಜೆ ಪಾಠ. ಇದೇ ನನ್ನ ಕೆಲಸ, ಇದರಿಂದಲೇ ಮನೆ ನಡೆಯುವುದು. ಪಕ್ಕವಾದ್ಯದವರಿಗೆ ಸಂಬಳದ ರಜೆ ಅಂತ ಇಲ್ಲ. ಇವತ್ತು ನಾವು ಬರುವುದಿಲ್ಲ ಅಂದರೆ ನಾಳೆ ಇನ್ನೊಬ್ಬರು ಕೂತಿರುತ್ತಾರೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಹಾಗಾಗಿ ಡಾಕ್ಟ್ರು "ಪೇಸ್‌ಮೇಕರ್ ಬೇಕು" ಅಂದಾಗ ನನಗೆ ಮೊದಲು ಬಂದದ್ದು ಸಾವಿನ ಯೋಚನೆ ಅಲ್ಲ. ನವರಾತ್ರಿಗೆ ಒಪ್ಪಿಕೊಂಡ ಕಾರ್ಯಕ್ರಮಗಳ ಯೋಚನೆ.

ಕಾಯಿಲೆ ಏನು ಅಂತ ಚುಟುಕಾಗಿ ಹೇಳುತ್ತೇನೆ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಇದಕ್ಕೆ ಹಾರ್ಟ್ ಬ್ಲಾಕ್ ಅನ್ನುತ್ತಾರೆ. ಹೆಸರು ಕೇಳಿ ಎಲ್ಲರೂ ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕುತ್ತಾರೆ ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ನನ್ನದು ಪೈಪಿನ ತೊಂದರೆಯಲ್ಲ, ಕರೆಂಟಿನ ತೊಂದರೆ. ನಾಡಿ ನಲವತ್ತರ ಆಸುಪಾಸಿಗೆ ಇಳಿಯುತ್ತಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು, ಆಗಲೇ ಕಲ್ಪಿಸಿ ಹಾಡುವ ಮನೋಧರ್ಮದ ಸ್ವರಕ್ಕೆ ಗಾಯಕರು ವೇಗ ಏರಿಸಿದರೆ ನನ್ನ ಕೈ ಓಡುತ್ತಿತ್ತು, ಎದೆ ಓಡುತ್ತಿರಲಿಲ್ಲ. ಹೋಲ್ಟರ್ ಅಂತ ಇಪ್ಪತ್ತನಾಲ್ಕು ಗಂಟೆ ಎದೆಗೆ ಅಂಟಿಸುವ ಮೆಷಿನ್‌ನಲ್ಲಿ ಎಲ್ಲ ಗೊತ್ತಾಯಿತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಹೃದಯದ ಶಕ್ತಿ ಚೆನ್ನಾಗಿತ್ತು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಎಲ್ಲಿ ಹಾಕುತ್ತೀರಿ ಅಂತ ಕೇಳಿದ್ದಕ್ಕೆ ಉತ್ತರ ಒಂದೇ ಸಾಲಿನಲ್ಲಿ ಮುಗಿಯಿತು. "ಬಲಗೈಯವರಿಗೆ ಎಡಗಡೆ. ಜಾಸ್ತಿ ಕೆಲಸ ಮಾಡದ ಕೈ ಅಲ್ವಾ ಅದು." ನಾನು ಪಿಟೀಲಿನ ವಿಷಯ ಹೇಳಿದೆ. "ಸ್ವಲ್ಪ ದಿನ ಹಾಡಿ, ನುಡಿಸುವುದು ಬಿಡಿ" ಅಂದರು. ತಮಾಷೆಗೆ ಹೇಳಿದ್ದಿರಬಹುದು. ನನಗೆ ನಗು ಬರಲಿಲ್ಲ.

ಜಾಸ್ತಿ ಕೆಲಸ ಮಾಡದ ಕೈ! ಇಡೀ ಗಮಕ, ಸ್ವರವನ್ನು ತೂಗಿ ಜಾರಿಸುವುದೆಲ್ಲ, ಇರುವುದು ಎಡಗೈಯಲ್ಲಿ ಮಾರಾಯ್ರೆ.

ನಿಯಮ ತಪ್ಪು ಅನ್ನುತ್ತಿಲ್ಲ. ಹೆಚ್ಚಿನವರಿಗೆ ಎಡಗಡೆಯೇ ಸರಿ. ಅದಕ್ಕೆ ಕೈಯ ಕಾರಣ ಒಂದೇ ಅಲ್ಲ, ಒಳಗಿನ ದಾರಿಯ ಕಾರಣವೂ ಇದೆ. ಪೇಸ್‌ಮೇಕರ್ ಪೆಟ್ಟಿಗೆಯನ್ನು ಕಾಲರ್ ಬೋನ್, ಅಂದರೆ ಕತ್ತಿನ ಬುಡದ ಅಡ್ಡ ಎಲುಬಿನ ಕೆಳಗೆ, ಚರ್ಮ ಮತ್ತು ಸ್ನಾಯುವಿನ ನಡುವೆ ಒಂದು ಜೇಬು ಮಾಡಿ ಇಡುತ್ತಾರೆ. ಅಲ್ಲಿಂದ ಲೀಡ್ ಅನ್ನುವ ತೆಳು ತಂತಿಗಳು ರಕ್ತನಾಳದೊಳಗೆ ಹೋಗಿ ಹೃದಯ ಸೇರುತ್ತವೆ. ಎಡದಿಂದ ಹೋದರೆ ದೂರ ಸ್ವಲ್ಪ ಜಾಸ್ತಿ, ಆದರೆ ತಿರುವು ನಯವಾಗಿದೆ. ಬಲದಿಂದ ಹತ್ತಿರ, ಆದರೆ ತಿರುವು ಕಡಿದು. ಮಣಿಪಾಲದ ಕಡೆ ನಾನು ಆಮೇಲೆ ತೋರಿಸಿದ ಡಾಕ್ಟ್ರು ಹೇಳಿದ್ದು ಹೀಗೆ: "ಆಗುಂಬೆ ಘಾಟಿ ಹತ್ತಿದ ಹಾಗೆ. ಹತ್ತಲಿಕ್ಕೆ ಆಗುದಿಲ್ಲ ಅಂತ ಅಲ್ಲ, ಸ್ಟೇರಿಂಗ್ ಸ್ವಲ್ಪ ಜಾಸ್ತಿ ತಿರುಗಿಸಬೇಕು ಅಷ್ಟೆ." ಇನ್ನೊಂದು ಕಾರಣವೂ ಇದೆ. ಮುಂದೆ ಯಾವಾಗಲಾದರೂ ಹೃದಯದ ಶಕ್ತಿ ಕುಂದಿ, ಶಾಕ್ ಕೊಡುವ ಸಾಧನ ಬೇಕಾದರೆ ಅದಕ್ಕೆ ಎಡಗಡೆಯೇ ಒಳ್ಳೆಯದು. ಶಾಕ್ ಹೃದಯವನ್ನು ಹಾದು ಹೋಗುವ ದಾರಿ ಎಡದಿಂದ ಚೆನ್ನಾಗಿ ಸಿಗುತ್ತದೆ. ನನ್ನ ಎಕೋ ಚೆನ್ನಾಗಿದ್ದುದರಿಂದ ಆ ಚಿಂತೆ ಈಗ ಇರಲಿಲ್ಲ. ಇದ್ದಿದ್ದರೆ ನಾನೂ ಎಡಕ್ಕೇ ಒಪ್ಪುತ್ತಿದ್ದೆ, ಪಿಟೀಲು ಏನು ಬೇಕಾದರೂ ಹೇಳಲಿ.

ಈಗ ಪಿಟೀಲಿನ ವಿಷಯಕ್ಕೆ ಬರೋಣ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಪೇಸ್‌ಮೇಕರ್ ಇರುವ ಪಿಟೀಲುಗಾರರ ಬಗ್ಗೆ ಸಿಗುವುದೆಲ್ಲ ಪಾಶ್ಚಾತ್ಯ ಪದ್ಧತಿಯದ್ದು. ಅವರು ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗಲ್ಲ ಮತ್ತು ಎಡ ಹೆಗಲಿನ ನಡುವೆ ಹಿಡಿಯುತ್ತಾರೆ. ಮಂಗಳೂರಿನಲ್ಲಿ ಇಗರ್ಜಿಯ ಕ್ವೈರ್‌ಗೆ ನುಡಿಸುವ ಒಬ್ಬ ಮಿತ್ರರು ಇದ್ದಾರೆ, ಅವರದ್ದು ಹಾಗೆ. ಹೆಗಲಿಗೆ ಕೊಡುವ ಶೋಲ್ಡರ್ ರೆಸ್ಟ್‌ನ ಒಂದು ಕಾಲು ಸರಿಯಾಗಿ ಎಡ ಕಾಲರ್ ಬೋನ್ ಹತ್ತಿರ ಕೂರುತ್ತದೆ. ನಮ್ಮದು ಬೇರೆ. ಬಾಲುಸ್ವಾಮಿ ದೀಕ್ಷಿತರು (1786–1858) ಯುರೋಪಿನವರ ವಾದ್ಯವನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಆಮೇಲೆ ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸುರುಳಿಯ ತುದಿಯನ್ನು ಬಲಗಾಲಿನ ಹರಡಿನ ಹತ್ತಿರ ಊರಿ, ಇನ್ನೊಂದು ತುದಿಯನ್ನು ಎಡ ಎದೆಗೆ ಒತ್ತಿ ಹಿಡಿಯುವ ಕ್ರಮ ಮಾಡಿಕೊಂಡರು. ವಾದ್ಯ ಎರಡು ಕಡೆ ಗಟ್ಟಿಯಾಗಿ ಕೂತಿರುವುದರಿಂದಲೇ ಎಡಗೈ ತಂತಿಯ ಉದ್ದಕ್ಕೂ ನಿರಾತಂಕವಾಗಿ ಜಾರುತ್ತದೆ. ಅದಿಲ್ಲದೆ ತೋಡಿ ರಾಗ ಇಲ್ಲ, ಭೈರವಿ ಇಲ್ಲ.

ಆ ಎದೆಗೆ ಒತ್ತಿಕೊಳ್ಳುವ ಜಾಗ ಯಾವುದು ಗೊತ್ತಾ? ಎಡ ಕಾಲರ್ ಬೋನ್‌ನ ಸ್ವಲ್ಪ ಕೆಳಗೆ. ಪೇಸ್‌ಮೇಕರ್‌ಗೆ ಜೇಬು ಮಾಡುವ ಜಾಗವೇ ಅದು.

ಗಂಟೆಗಟ್ಟಲೆ ಮರದ ಅಂಚು ಅಲ್ಲಿ ಒತ್ತಿದರೆ ಏನಾಗುತ್ತದೆ ಅಂತ ಡಾಕ್ಟ್ರನ್ನು ಕೇಳಿದೆ. ನೋವು, ಕಿರಿಕಿರಿ ಹೋಗಲಿ. ನನ್ನ ಹಾಗೆ ಮೈಯಲ್ಲಿ ಮಾಂಸ ಕಡಿಮೆ ಇರುವವರಿಗೆ ಪೆಟ್ಟಿಗೆಯ ಮೇಲಿನ ಚರ್ಮ ತೆಳ್ಳಗಾಗಿ, ಸವೆದು, ಕೊನೆಗೆ ತೆರೆದುಕೊಳ್ಳುವ ಭಯ ಇದೆ. ಚರ್ಮ ತೆರೆದರೆ ಸೋಂಕು. ಸೋಂಕಾದರೆ ಪೆಟ್ಟಿಗೆ, ಲೀಡ್ ಎಲ್ಲ ತೆಗೆಯಬೇಕಾಗುತ್ತದೆ. ಹಳೆಯ ಲೀಡ್ ತೆಗೆಯುವುದು ಹಾಕುವುದಕ್ಕಿಂತ ಎಷ್ಟೋ ದೊಡ್ಡ ಕೆಲಸ. ಇದನ್ನು ಕೇಳಿದ ಮೇಲೆ "ಒಂದು ಟವೆಲ್ ಮಡಿಸಿ ಇಟ್ಟುಕೊಂಡರಾಯಿತು" ಅನ್ನುವ ಸಲಹೆಗಳು ನನಗೆ ಸಾಕಾದವು.

ಮುಂದಿನ ಭೇಟಿಗೆ ನಾನು ಪಿಟೀಲು ಪೆಟ್ಟಿಗೆ ಹಿಡಿದುಕೊಂಡೇ ಹೋದೆ. ಓಪಿಡಿಯಲ್ಲಿ ಎಲ್ಲರೂ ನೋಡುತ್ತಿದ್ದರು. ಒಬ್ಬ ಅಜ್ಜಿ "ಇಲ್ಲಿ ಇವತ್ತು ಕಾರ್ಯಕ್ರಮ ಉಂಟಾ?" ಅಂತ ಕೇಳಿದರು. ಡಾಕ್ಟ್ರಿಗೆ ಮಾತಿನಲ್ಲಿ ಎಷ್ಟು ಹೇಳಿದರೂ ಅವರ ಕಣ್ಣಿಗೆ ಬರುವುದು ಗಲ್ಲದ ಕೆಳಗೆ ಹಿಡಿಯುವ ಪಿಟೀಲೇ, ಸಿನಿಮಾದಲ್ಲಿ ನೋಡಿದ್ದು. ಪರೀಕ್ಷೆ ಮಾಡುವ ಮಂಚದ ಮೇಲೆ ಹತ್ತಿ ಕೂತು, ಕಾಲು ಮಡಿಸಿ, ಹಿಡಿದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು ಎಡಗಡೆ ಪಿಟೀಲು ತಾಗುವ ಜಾಗಕ್ಕೆ ಬೆರಳಿಟ್ಟು "ಓ" ಅಂದರು. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಮುಖ್ಯವಾದ ಗಳಿಗೆ ಅದೇ.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಕಂಪನಿಯವರು ತೋರಿಸಲಿಕ್ಕೆ ಕೊಡುವ ಡಮ್ಮಿ ಪೇಸ್‌ಮೇಕರ್ ಒಂದು ಮೇಜಿನ ಮೇಲಿತ್ತು. ತೂಕ ಇಪ್ಪತ್ತೈದು ಮೂವತ್ತು ಗ್ರಾಂ, ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ. "ಮನೆಗೆ ತಗೊಂಡು ಹೋಗಿ, ಪ್ಲಾಸ್ಟರ್ ಹಾಕಿ ಅಂಟಿಸಿ ನುಡಿಸಿ ನೋಡಿ" ಅಂದರು. ಮಗಳು ಅಂಟಿಸಿ ಕೊಟ್ಟಳು. ಎಡಗಡೆ ಇಟ್ಟಾಗ ಕೆಳಗಿನ ಸ್ವರಗಳ ಮಂದ್ರದಲ್ಲಿ ಏನೂ ಇಲ್ಲ, ಮೇಲಿನ ಸ್ವರಗಳ ತಾರಸ್ಥಾಯಿಗೆ ಕೈ ಒಯ್ದಾಗ ನಾನು ನನಗೇ ಗೊತ್ತಿಲ್ಲದೆ ವಾದ್ಯವನ್ನು ಎದೆಗೆ ಇನ್ನಷ್ಟು ಒತ್ತುತ್ತೇನೆ ಅಂತ ಆಗ ತಿಳಿಯಿತು, ಅಂಚು ನೇರ ಡಮ್ಮಿಯ ಮೇಲೆ ಕೂತಿತು. ಬಲಗಡೆ ಇಟ್ಟಾಗ ಪಿಟೀಲಿನ ತೊಂದರೆ ಇಲ್ಲ, ಆದರೆ ಕಮಾನಿನ ತೊಂದರೆ. ಕಮಾನಿನ ಬುಡ ತಂತಿಯ ಹತ್ತಿರ ಬರುವಾಗ ಬಲ ತೋಳು ಎದೆಯ ಮುಂದಕ್ಕೆ ಬರುತ್ತದೆ. ಆಗ ಕಂಕುಳಿನ ಹತ್ತಿರದ ಮಡಿಕೆ ಡಮ್ಮಿಯನ್ನು ಚಿವುಟುತ್ತಿತ್ತು. ಎರಡು ಬೆರಳು ಒಳಗೆ, ಕಾಲರ್ ಬೋನ್‌ನ ಮಧ್ಯದ ಕಡೆಗೆ ಸರಿಸಿದೆ. ಚಿವುಟುವುದು ನಿಂತಿತು. ಪಾಠಕ್ಕೆ ಬಂದ ಮಕ್ಕಳಿಗೆ ಎರಡು ವರ್ಣ ನುಡಿಸಿ ತೋರಿಸಿದೆ, ನೆನಪೇ ಆಗಲಿಲ್ಲ ಅದು ಅಲ್ಲಿದೆ ಅಂತ.

ಬೇರೆ ದಾರಿಗಳ ಬಗ್ಗೆಯೂ ಮಾತಾಯಿತು. ಎಡಗಡೆಯೇ, ಆದರೆ ಎದೆಯ ಸ್ನಾಯುವಿನ ಅಡಿಯಲ್ಲಿ ಆಳಕ್ಕೆ ಇಡಬಹುದು. ಚರ್ಮ ಸವೆಯುವ ಭಯ ಕಡಿಮೆ. ಆದರೆ ನೋವು ಜಾಸ್ತಿ, ಬ್ಯಾಟರಿ ಮುಗಿದಾಗ ಮತ್ತೆ ಅಷ್ಟೇ ಆಳಕ್ಕೆ ಕೊಯ್ಯಬೇಕು. ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ, ಅದು ಮುಗಿದರೆ ಬ್ಯಾಟರಿ ಮಾತ್ರ ಬದಲಿಸಲಿಕ್ಕೆ ಆಗುವುದಿಲ್ಲ, ಇಡೀ ಪೆಟ್ಟಿಗೆಯನ್ನೇ ಬದಲಿಸುತ್ತಾರೆ. ಹೆಂಗಸರಿಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಇಡುವ ಕ್ರಮವೂ ಇದೆ, ಗಾಯದ ಗುರುತು ಕಾಣುವುದಿಲ್ಲ ಅಂತ. ಲೀಡ್ ಉದ್ದ ಬೇಕು, ಕೆಲಸ ಜಟಿಲ. ಗುರುತು ಕಂಡರೆ ಕಾಣಲಿ ಅಂದೆ.

ಲೀಡೇ ಇಲ್ಲದ ಪೇಸ್‌ಮೇಕರ್ ಬಗ್ಗೆ ನನಗೆ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ. ಮೈಕ್ರಾ ಅಂತ ಒಂದು ಬಂದಿದೆ, ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಎರಡು ಗ್ರಾಂ ತೂಕ. ತೊಡೆಯ ರಕ್ತನಾಳದಿಂದ ಒಯ್ದು ನೇರ ಹೃದಯದ ಕೆಳಗಿನ ಕೋಣೆಯೊಳಗೇ ಸಿಕ್ಕಿಸಿಬಿಡುತ್ತಾರೆ. ಎದೆಯ ಮೇಲೆ ಜೇಬಿಲ್ಲ, ಗುರುತಿಲ್ಲ. ಪಿಟೀಲಿನವರಿಗೆ ದೇವರು ಕೊಟ್ಟದ್ದು ಅನ್ನಿಸುತ್ತದೆ ಅಲ್ವಾ? ಆದರೆ ನನ್ನ ಮೇಲಿನ ಕೋಣೆ ಸರಿಯಾಗಿಯೇ ಬಡಿಯುತ್ತಿದೆ. ಅದರ ಹಿಂದೆಯೇ ಕೆಳಗಿನ ಕೋಣೆ ಬಡಿಯಬೇಕು, ಪ್ರತಿ ಸಲ, ಸರಿಯಾದ ಅಂತರದಲ್ಲಿ. ಮೊದಲಿನ ಮಾದರಿ ಮೇಲಿನ ಕೋಣೆಯ ಮಾತು ಕೇಳುವುದಿಲ್ಲ. 2020ರಲ್ಲಿ ಒಪ್ಪಿಗೆ ಪಡೆದ ಮಾದರಿ ಮೇಲಿನ ಕೋಣೆಯ ಚಲನೆಯನ್ನು ಗ್ರಹಿಸಿ ಬಡಿಯುತ್ತದೆ, ಆದರೆ ನಾಡಿ ಏರಿದಾಗ ಆ ಹೊಂದಾಣಿಕೆ ಎರಡು ಲೀಡ್ ಇರುವ ಪೇಸ್‌ಮೇಕರ್‌ನಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ನನಗೆ ನಾಡಿ ಏರುವುದೇ ವೇಗವಾಗಿ ನುಡಿಸುವ ದ್ರುತದಲ್ಲಿ, ವೇದಿಕೆಯ ಮೇಲೆ. ಮೇಲಿನ ಕೋಣೆಗೆ ಒಂದು, ಕೆಳಗಿನದಕ್ಕೆ ಒಂದು ಅಂತ ಲೀಡ್ ಇಲ್ಲದ ಎರಡು ಪುಟ್ಟ ಪೇಸ್‌ಮೇಕರ್ ಹಾಕುವ ಕ್ರಮ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ರೇಟು ಕೇಳಿ ಸುಮ್ಮನಾದೆ. ಅಲ್ಲದೆ ಬ್ಯಾಟರಿ ಮುಗಿದಾಗ ಹಳೆಯದನ್ನು ಹೆಚ್ಚಾಗಿ ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದು ಹಾಕುತ್ತಾರೆ. ಎಂಬತ್ತು ದಾಟಿದವರಿಗೆ ಅದು ಚಿಂತೆಯೇ ಅಲ್ಲ. ಐವತ್ತರ ಆಸುಪಾಸಿನ ನನಗೆ ಇನ್ನೂ ಎರಡು ಮೂರು ಸಲ ಬೇಕಾಗಬಹುದು. ಡಾಕ್ಟ್ರು ಬೇಡ ಅನ್ನಲಿಲ್ಲ, ನಾನೇ ಬೇಡ ಅಂದೆ.

ಹಾಗಾಗಿ ಬಲಗಡೆ, ಎರಡು ಲೀಡ್, ಜೇಬು ಸ್ವಲ್ಪ ಒಳಗಡೆಗೆ.

ಒಂದು ಪ್ರಶ್ನೆ ಉಳಿದಿತ್ತು. ಬಲಗೈ ಜೀವನಪೂರ್ತಿ ಕಮಾನು ಎಳೆಯುವ ಕೈ. ಲೀಡ್ ಸವೆದು ಮುರಿಯುವುದಿಲ್ಲವೇ? ಲೀಡ್ ಮುರಿಯುವುದು ಹೆಚ್ಚಾಗಿ ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ಸಂದಿಯಲ್ಲಿ ಸಿಕ್ಕಿ ಅರೆದಾಗ ಅಂತೆ. ಕೈ ಜೋರಾಗಿ ಎತ್ತಿ ಇಳಿಸುವ ಕೆಲಸದವರಿಗೆ ಆ ಸಂದಿಯನ್ನು ತಪ್ಪಿಸಿ, ಅದಕ್ಕಿಂತ ಹೊರಗಡೆ, ತೋಳಿನ ಕಡೆಯ ರಕ್ತನಾಳದಿಂದ ಲೀಡ್ ಒಳಗೆ ಹಾಕುತ್ತಾರೆ. ಇದನ್ನು ನೀವು ಕೇಳಲೇಬೇಕು, "ನನಗೆ ಯಾವ ನಾಳದಿಂದ ಹಾಕುತ್ತೀರಿ" ಅಂತ. ಕೇಳಿದರೆ ಯಾವ ಒಳ್ಳೆಯ ಡಾಕ್ಟ್ರೂ ಬೇಜಾರು ಮಾಡುವುದಿಲ್ಲ. ನಮ್ಮ ಕಮಾನಿಗೆ ಇನ್ನೊಂದು ಅನುಕೂಲ ಇದೆ, ಕೂತು ನುಡಿಸುವಾಗ ಬಲ ಮೊಣಕೈ ಹೆಗಲಿನ ಮಟ್ಟಕ್ಕೆ ಬರುವುದೇ ಇಲ್ಲ. ಗಲ್ಲದ ಕೆಳಗೆ ಹಿಡಿದು ದಪ್ಪ ತಂತಿ ನುಡಿಸುವವರ ಮೊಣಕೈ ಹೆಗಲಿನವರೆಗೆ ಏರುತ್ತದೆ. ಆ ಇಗರ್ಜಿಯ ಮಿತ್ರರಿಗೆ ಈ ಲೆಕ್ಕವೇ ಬೇರೆ ಆಗುತ್ತದೆ.

ಆಪರೇಷನ್ ಬಗ್ಗೆ ಹೇಳಲಿಕ್ಕೆ ಜಾಸ್ತಿ ಇಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ. ಆದರೆ ಒಂದು ಮಾತು. ಜಾಗದ ಗುರುತನ್ನು ಪೆನ್ನಿನಲ್ಲಿ ಹಾಕುವುದು ನೀವು ಕೂತಿರುವಾಗ, ವಾದ್ಯ ಹಿಡಿದಿರುವಾಗ ಆಗಲಿ. ಮಲಗಿದರೆ ಚರ್ಮ ಜಾರಿ ಗುರುತು ಬೇರೆಡೆಗೆ ಹೋಗುತ್ತದೆ, ಹೆಂಗಸರಿಗಂತೂ ಇನ್ನೂ ಜಾಸ್ತಿ. ಒಳ ಉಡುಪಿನ ಪಟ್ಟಿ ಎಲ್ಲಿ ಹಾದು ಹೋಗುತ್ತದೆ ಅಂತಲೂ ಆಗಲೇ ಗೆರೆ ಎಳೆಸಿಕೊಂಡೆ. ನಾಚಿಕೆ ಪಟ್ಟರೆ ಆಮೇಲೆ ದಿನಾ ಆ ಪಟ್ಟಿ ಗಾಯದ ಮೇಲೆಯೇ ಕೂರುತ್ತದೆ.

ನನ್ನ ಅದೃಷ್ಟಕ್ಕೆ ಅದು ಆಟಿ ತಿಂಗಳು, ಜುಲೈ-ಆಗಸ್ಟ್‌ನ ಮಳೆಗಾಲ. ಹೊರಗೆ ಮಳೆ, ಮದುವೆ ಇಲ್ಲ, ಉತ್ಸವ ಇಲ್ಲ, ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ಆಗಿತ್ತು. ಲೀಡ್ ಒಳಗೆ ಗಟ್ಟಿಯಾಗಿ ಕೂರುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ಆ ಕಡೆಯ ಮೊಣಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಎತ್ತಬಾರದು. ಕೆಲವರು ಹೆದರಿ ಕೈಯನ್ನು ಅಲ್ಲಾಡಿಸುವುದೇ ಇಲ್ಲ. ಅದೂ ತಪ್ಪು, ಹೆಗಲು ಹಿಡಿದುಕೊಳ್ಳುತ್ತದೆ. ಸೊಂಟದಿಂದ ಎದೆಯ ಮಟ್ಟದವರೆಗೆ ಆಡಿಸುತ್ತಲೇ ಇರಬೇಕು.

ಬಲಗೈ ಅಂದರೆ ಮನೆಯಲ್ಲಿ ಏನೇನು ಅಂತ ಆಗ ಗೊತ್ತಾಯಿತು. ತಲೆ ಬಾಚಿ ತುರುಬು ಕಟ್ಟಲಿಕ್ಕೆ ಆಗುವುದಿಲ್ಲ, ಮಗಳೇ ಜಡೆ ಹಾಕುತ್ತಿದ್ದಳು. ಬಾವಿಯಿಂದ ನೀರು ಸೇದುವುದು ಬಂದ್. ತೆಂಗಿನಕಾಯಿ ತುರಿಯುವುದು ಬಂದ್, ನಮ್ಮ ಕಡೆ ಅದು ಬಂದ್ ಅಂದರೆ ಅಡುಗೆಯೇ ಬಂದ್ ಅಂತ ಲೆಕ್ಕ. ನಮ್ಮ ಮನೆಯವರು ತುರಿಮಣೆಯ ಮೇಲೆ ಕೂತ ಫೋಟೋ ಒಂದಿದೆ, ಹಾಕಬೇಡ ಅಂದಿದ್ದಾರೆ.

ಪಿಟೀಲಿಗೆ ಮಾತ್ರ ಬಲಗಡೆ ಹಾಕಿಸಿದ್ದು ವರವಾಯಿತು. ಎಡಗೈ ಪೂರ್ತಿ ಬಿಡುವಾಗಿದ್ದ ಕಾರಣ, ಕಮಾನಿಲ್ಲದೆ ಬರೀ ಬೆರಳು ಜಾರಿಸುವ ಅಭ್ಯಾಸವನ್ನು ಮನೆಗೆ ಬಂದ ಸ್ವಲ್ಪ ದಿನಕ್ಕೇ ಶುರು ಮಾಡಿದೆ. ಸದ್ದಿಲ್ಲದೆ ಸಾವೇರಿ ರಾಗ ನುಡಿಸಿ ನೋಡಿ, ನಿಮ್ಮ ಬೆರಳು ಎಷ್ಟು ಸುಳ್ಳು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಗಾಯ ಒಣಗಿ ಡಾಕ್ಟ್ರು ಹೂಂ ಅಂದ ಮೇಲೆ ಕಮಾನು ಹಿಡಿದೆ, ಮೊದಲು ಮಧ್ಯ ಭಾಗದಲ್ಲಿ ಮಾತ್ರ, ಸಣ್ಣ ಸಣ್ಣ ಎಳೆತ, ಸರಳೆ ವರಸೆ. ಬುಡದಿಂದ ತುದಿಯವರೆಗೆ ಪೂರ್ತಿ ಎಳೆದದ್ದು ಆಟಿಯ ನಂತರದ ಸೋಣ ತಿಂಗಳಲ್ಲಿ. ನವರಾತ್ರಿಯಲ್ಲಿ ವೇದಿಕೆಯಲ್ಲಿದ್ದೆ. ಎಲ್ಲ ಕಾರ್ಯಕ್ರಮಗಳಿಗೂ ಅಲ್ಲ, ಆಯ್ದು ಒಪ್ಪಿಕೊಂಡದ್ದಕ್ಕೆ.

ನಮ್ಮ ಮೃದಂಗದ ಭಟ್ರಿಗೆ ಇದೆಲ್ಲ ದೊಡ್ಡ ತಮಾಷೆ. "ಇನ್ನು ನಿಮ್ಮ ಕಾಲಪ್ರಮಾಣ ಕಂಪನಿಯವರದ್ದು, ಓಡಿಸಿದರೆ ವಾರಂಟಿ ಹೋಗ್ತದೆ" ಅನ್ನುತ್ತಾರೆ. ಅವರಿಗೆ ನಾನು ಒಂದು ಕತೆ ಹೇಳಿ ಬಾಯಿ ಮುಚ್ಚಿಸಿದೆ. 1957ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಅರ್ಲ್ ಬಾಕೆನ್ ಅನ್ನುವವರು ಬ್ಯಾಟರಿಯಲ್ಲಿ ನಡೆಯುವ, ಮೈಮೇಲೆ ಧರಿಸಬಹುದಾದ ಪೇಸ್‌ಮೇಕರ್ ಮಾಡಿದರು. ಅದಕ್ಕೆ ಅವರು ಬಳಸಿದ ಸರ್ಕ್ಯೂಟ್ ಎಲ್ಲಿಯದು ಗೊತ್ತಾ? ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಬಂದಿದ್ದ ಮೆಟ್ರೊನೋಮ್‌ನದ್ದು. ಸಂಗೀತದವರು ತಾಳ ಹಿಡಿಯಲಿಕ್ಕೆ ಇಟ್ಟುಕೊಳ್ಳುವ ಟಕ್ ಟಕ್ ಪೆಟ್ಟಿಗೆ! ಮರುವರ್ಷ, 1958ರ ಅಕ್ಟೋಬರಿನಲ್ಲಿ, ಸ್ವೀಡನ್‌ನಲ್ಲಿ ಆರ್ನೆ ಲಾರ್ಸನ್ ಅನ್ನುವವರ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ಅದನ್ನು ಇಟ್ಟದ್ದು ಎದೆಯಲ್ಲಲ್ಲ, ಹೊಟ್ಟೆಯಲ್ಲಿ. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಆದರೂ ಅವರು ಇಪ್ಪತ್ತಕ್ಕೂ ಜಾಸ್ತಿ ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದರು. ಭಟ್ರು ಇದನ್ನು ಕೇಳಿ, "ಹಾಗಾದ್ರೆ ಅದು ನಮ್ಮ ಪೈಕಿಯದ್ದೇ" ಅಂದರು.

ವೇಗದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಹಲವು ಪೇಸ್‌ಮೇಕರ್‌ಗಳಲ್ಲಿ ಮೈಯ ಅಲುಗಾಟ ನೋಡಿ ನಾಡಿ ಏರಿಸುವ ವ್ಯವಸ್ಥೆ ಇದೆ. ನಡೆದರೆ ಅಲುಗುತ್ತದೆ, ಆಗ ಅದು ವೇಗ ಏರಿಸುತ್ತದೆ. ಮೇಲಿನ ಕೋಣೆಯೇ ಸೋತವರಿಗೆ ಇದು ಬೇಕು. ಆದರೆ ಪೆಟ್ಟಿಗೆಗೆ ನೀವು ನಡೆಯುತ್ತಿದ್ದೀರಾ, ಕೂತು ಕಮಾನು ಎಳೆಯುತ್ತಿದ್ದೀರಾ ಅಂತ ಹೇಗೆ ಗೊತ್ತಾಗಬೇಕು? ಕೂತಲ್ಲೇ ನಾಡಿ ಏರಬಹುದು. ನನ್ನ ಮೇಲಿನ ಕೋಣೆ ಸರಿಯಿರುವುದರಿಂದ ವೇಗ ಅದೇ ಹೇಳುತ್ತದೆ, ಈ ವ್ಯವಸ್ಥೆಯನ್ನು ಬಂದ್ ಮಾಡಿ ಇಟ್ಟಿದ್ದಾರೆ. ನಿಮ್ಮದು ಹಾಗಲ್ಲದಿದ್ದರೆ ಚೆಕಪ್‌ಗೆ ಹೋದಾಗ ವಾದ್ಯ ನುಡಿಸಿ ತೋರಿಸಿ, ಅಲ್ಲೇ ಕಂಪ್ಯೂಟರಿನಲ್ಲಿ ನೋಡಿ ಹೊಂದಿಸುತ್ತಾರೆ. ಕೊಯ್ಯುವುದು ಇಲ್ಲ, ಚುಚ್ಚುವುದೂ ಇಲ್ಲ.

ಸ್ಪೀಕರ್, ಮೈಕ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅಷ್ಟೆಲ್ಲ ಇಲ್ಲ. ಬಲವಾದ ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ಒಂದೇ ವೇಗದಲ್ಲಿ ಬಡಿಯುತ್ತದೆ, ದೂರ ಮಾಡಿದ ಕೂಡಲೇ ಮತ್ತೆ ಮಾಮೂಲಿ. ಫೋನು, ಇಯರ್‌ಫೋನು, ವೈರ್‌ಲೆಸ್ ಮೈಕಿನ ಪೆಟ್ಟಿಗೆ, ಇವೆಲ್ಲ ಅರ್ಧ ಅಡಿ ದೂರ ಇದ್ದರೆ ಸಾಕು. ಇಂಡಕ್ಷನ್ ಒಲೆಗೆ ಎರಡು ಅಡಿ. ಸೌಂಡಿನ ಹುಡುಗರು ಬಂದು ಮೈಕಿನ ಪೆಟ್ಟಿಗೆಯನ್ನು ರವಿಕೆಗೆ ಸಿಕ್ಕಿಸಲಿಕ್ಕೆ ನೋಡುತ್ತಾರೆ, ಸೊಂಟದ ಹಿಂದೆ ಸಿಕ್ಕಿಸಪ್ಪಾ ಅನ್ನುತ್ತೇನೆ. ಶ್ರುತಿಗೆ ತಂಬೂರದ ಆ್ಯಪ್ ಹಾಕಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರೆ ಏನೂ ಆಗುವುದಿಲ್ಲ. ಕಾರ್ಯಕ್ರಮ ಮುಗಿದು ಬರುವಾಗ ವ್ಯಾನಿನಲ್ಲಿ ದೊಡ್ಡ ಸ್ಪೀಕರಿಗೆ ಎದೆ ತಾಗಿಸಿ ಕೂರುವುದು ಮಾತ್ರ ಬಿಟ್ಟಿದ್ದೇನೆ.

ಬಲಗಡೆಯಿಂದ ಕಷ್ಟವೇ ಇಲ್ಲ ಅನ್ನುತ್ತಿಲ್ಲ. ಕಾರು ಓಡಿಸುವಾಗ ಸೀಟ್ ಬೆಲ್ಟ್ ಬರುವುದು ಬಲ ಹೆಗಲಿನ ಮೇಲೆ, ಸರಿಯಾಗಿ ಪೇಸ್‌ಮೇಕರ್ ಮೇಲೆ. ಅಮೆರಿಕದವರ ಸಲಹೆ ಓದಿದರೆ ಇದು ಉಲ್ಟಾ ಇರುತ್ತದೆ, ಅಲ್ಲಿ ಸ್ಟೇರಿಂಗ್ ಎಡಗಡೆ. ಬೆಲ್ಟ್ ಹಾಕದೆ ಇರಬಾರದು, ಮೆತ್ತನೆ ಬಟ್ಟೆಯ ಕವರ್ ಹೊಲಿಸಿ ಹಾಕಿದ್ದೇನೆ. ವ್ಯಾನಿಟಿ ಬ್ಯಾಗ್ ಈಗ ಎಡ ಹೆಗಲಿಗೆ. ಬಲ ಮಗ್ಗುಲಿಗೆ ಮಲಗಿದರೆ ಮೊದಮೊದಲು ಒತ್ತುತ್ತಿತ್ತು, ಈಗ ಇಲ್ಲ.

ದುಡ್ಡಿನ ವಿಷಯದಲ್ಲಿ ಒಂದೇ ಮಾತು. ಕಲಾವಿದರಲ್ಲಿ ತುಂಬಾ ಜನರ ಹತ್ತಿರ ಇನ್ಶೂರೆನ್ಸ್ ಇರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪೇಸ್‌ಮೇಕರ್ ಬರುತ್ತದೆ, ನಿಮ್ಮ ಕಾರ್ಡಿಗೆ ಎಷ್ಟು ಸಿಗುತ್ತದೆ ಅಂತ ಅಡ್ಮಿಟ್ ಆಗುವ ಮೊದಲು ಕೇಳಿ. ಎಂಆರ್‌ಐ ಮಾಡಿಸಬಹುದಾದ ಮಾದರಿಯಾ ಅಂತಲೂ ಆಗಲೇ ಕೇಳಿಕೊಳ್ಳಿ.

ಮೊನ್ನೆ ಕಾರ್ಕಳದ ಕಡೆಯಿಂದ ಡೋಲು ಬಾರಿಸುವವರೊಬ್ಬರು ಫೋನ್ ಮಾಡಿದ್ದರು. ಸ್ಯಾಕ್ಸೋಫೋನ್ ತಂಡದ ಜೊತೆ ದೇವಸ್ಥಾನ, ಮದುವೆ ಅಂತ ತಿರುಗುವವರು. ಕದ್ರಿ ಗೋಪಾಲನಾಥರಿಂದ ಹೆಸರಾದ ಆ ವಾದ್ಯ ಈಗ ನಮ್ಮ ಕಡೆ ಯಾವ ಶುಭಕಾರ್ಯಕ್ಕೂ ಬೇಕು, ಅದರ ಜೊತೆಗೆ ಡೋಲೂ ಬೇಕು. "ಅಕ್ಕ, ನಾನೂ ಬಲಗಡೆಯೇ ಹೇಳ್ಲಾ?" ಅಂದರು. ಬೇಡಪ್ಪಾ, ನನ್ನ ಉತ್ತರ ನಿಮಗೆ ಆಗುದಿಲ್ಲ ಅಂದೆ. ಮೆರವಣಿಗೆಯಲ್ಲಿ ಡೋಲಿನ ಪಟ್ಟಿ ಯಾವ ಹೆಗಲಿಗೆ ಬರುತ್ತದೆ, ಕೂತು ಬಾರಿಸುವಾಗ ಎಲ್ಲಿ ತಾಗುತ್ತದೆ, ಯಾವ ಕೈ ಎಷ್ಟು ಎತ್ತುತ್ತೀರಿ, ಅದನ್ನು ಡಾಕ್ಟ್ರು ನೋಡಬೇಕು. ಡೋಲು ತಗೊಂಡೇ ಹೋಗಿ ಅಂದೆ. ಹೋಗಿದ್ದಾರೆ. ಗೇಟಿನ ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲವಂತೆ, ಡಾಕ್ಟ್ರೇ ಕೆಳಗಿಳಿದು ಪಾರ್ಕಿಂಗ್‌ಗೆ ಬಂದು ನೋಡಿದರಂತೆ.